ಶಿಶುನಾಳದ ಶರೀಫರು

ಜೀರಹಳ್ಳಿ ನಮ್ಮ ತಾಳವಾಡಿ ಬೆಟ್ಟದ ಒಂದು ಊರು. ಸುತ್ತಲೂ ಕಾಡು, ನಡುವೆ ರಾಗಿ ಮತ್ತು ಮುಸುಕಿನ ಜೋಳದ ಹೊಲಗಳು. ಇಲ್ಲಿಯ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಪೇಟೆಗೂ ಕಚೇರಿಗೂ ಹೋದರೆ ತಮಿಳು ಬೇಕು. ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯವರ ಬಾಯಿಂದ ಕೇಳುತ್ತಾ ಬೆಳೆದವರು ಅವರು. ಇಂಥ ಊರಿನ ಮಕ್ಕಳಿಗೆ ಒಂದು ದಿನ ಶಿಶುನಾಳ ಶರೀಫರ ಹಾಡನ್ನು ಹೇಳಿಕೊಡುತ್ತಿದ್ದೆ. ಆಗ ಒಬ್ಬ ಹುಡುಗ ಎದ್ದು ನಿಂತು, ಈ ಶರೀಫರು ಯಾವ ಜನ ಎಂದು ಕೇಳಿದ.

ಹುಡುಗನದು ತಪ್ಪಲ್ಲ. ನಮ್ಮ ಕಡೆ ಊರಿಗೆ ಹೊಸಬರು ಬಂದರೆ ದೊಡ್ಡವರು ಮೊದಲು ಕೇಳುವುದೇ ಈ ಪ್ರಶ್ನೆಯನ್ನು. ಅವನೂ ಅದನ್ನು ಕೇಳಿ ಕಲಿತಿದ್ದ. ಶರೀಫರು ಬದುಕಿದ್ದಾಗಲೂ ಜನರು ಅವರನ್ನು ಮತ್ತೆ ಮತ್ತೆ ಕೇಳಿದ್ದು ಇದನ್ನೇ. ಅವರು ಸತ್ತ ದಿನವೂ ಕೇಳಿದರು. ಆ ಕಥೆಯನ್ನು ಈಗ ಓದೋಣ.

ಜೀರಹಳ್ಳಿಯಿಂದ ಚಾಮರಾಜನಗರ, ಮೈಸೂರು, ದಾವಣಗೆರೆಗಳನ್ನು ದಾಟಿ ಬಹುದೂರ ಉತ್ತರಕ್ಕೆ ಹೋದರೆ ಹಾವೇರಿ ಜಿಲ್ಲೆ ಸಿಗುತ್ತದೆ. 1997ಕ್ಕೆ ಮೊದಲು ಇದು ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿನ ಶಿಗ್ಗಾಂವಿ ತಾಲ್ಲೂಕಿನಲ್ಲಿ ಶಿಶುವಿನಹಾಳ ಎಂಬ ಹಳ್ಳಿ ಇದೆ. ಜನರು ಅದನ್ನು ಶಿಶುನಾಳ ಎಂದು ಕರೆಯುತ್ತಾರೆ. ಕಪ್ಪು ಮಣ್ಣಿನ ಬಯಲು ಸೀಮೆ ಅದು. ಹೊಲಗಳಲ್ಲಿ ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಾರೆ.

ಈ ಹಳ್ಳಿಯಲ್ಲಿ 1819ರಲ್ಲಿ ಶರೀಫರು ಹುಟ್ಟಿದರು. ಅದರ ಹಿಂದಿನ ವರ್ಷವಷ್ಟೇ ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡದ ಸೀಮೆ ಇಂಗ್ಲಿಷ್ ಕಂಪನಿಯ ಕೈಸೇರಿತ್ತು. ಶರೀಫರ ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಮಗುವಿಗೆ ಮಹಮ್ಮದ್ ಶರೀಫ ಎಂದು ಹೆಸರಿಟ್ಟರು. ಹತ್ತಿರದ ಹುಲಗೂರಿನಲ್ಲಿ ಖಾದರಶಾ ವಲಿ ಎಂಬ ಸೂಫಿ ಸಂತರ ದರ್ಗಾ ಇದೆ. ಆ ಸಂತರ ಕೃಪೆಯಿಂದಲೇ ಈ ಮಗು ಹುಟ್ಟಿತೆಂದು ಊರವರು ನಂಬಿದ್ದರು. ಖಾದರಶಾ ವಲಿಯವರು ಹಿಂದೂಗಳಿಗೂ ಮುಸಲ್ಮಾನರಿಗೂ ಬೇಕಾದವರಾಗಿದ್ದರು. ಅವರ ದರ್ಗಾಕ್ಕೆ ಎರಡು ಕಡೆಯವರೂ ನಡೆದುಕೊಳ್ಳುತ್ತಿದ್ದರು.

ಇಮಾಮ್ ಸಾಹೇಬರು ಮಗನಿಗೆ ತಮ್ಮ ಮತದ ಪಾಠವನ್ನು ಹೇಳಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಡುಗನು ರಾಮಾಯಣ, ಮಹಾಭಾರತಗಳನ್ನೂ ಕೇಳಿದನು. ಅಲ್ಲಮಪ್ರಭುವಿನ ಕಥೆಯಾದ ಪ್ರಭುಲಿಂಗಲೀಲೆಯನ್ನೂ ಓದಿದನು. ಊರಿನ ಬಯಲಾಟಗಳಲ್ಲಿ ಅವನಿಗೆ ಬಹಳ ಆಸೆ. ಓದು ಮುಗಿದ ಮೇಲೆ ಶರೀಫರು ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಆದರೆ ಆ ಕೆಲಸದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ.

ಶಿಶುನಾಳದಿಂದ ಸ್ವಲ್ಪ ದೂರದಲ್ಲಿ ಕಳಸ ಎಂಬ ಊರು. ಅಲ್ಲಿ ಗೋವಿಂದ ಭಟ್ಟರೆಂಬ ಬ್ರಾಹ್ಮಣರಿದ್ದರು. ಅವರು ದೇವಿಯ ಆರಾಧಕರು, ದೊಡ್ಡ ಜ್ಞಾನಿಗಳು. ಆದರೆ ಮಡಿ, ಮೈಲಿಗೆ ಎಂದು ಜನರನ್ನು ದೂರ ಇಡುವವರಲ್ಲ. ಯಾರ ಮನೆಗೆ ಬೇಕಾದರೂ ಹೋಗುವರು, ಯಾರ ಜೊತೆಗೆ ಬೇಕಾದರೂ ಕೂಡುವರು. ಊರಿನ ಕೆಲವರು ಅವರನ್ನು ಹುಚ್ಚು ಭಟ್ಟರೆಂದು ಆಡಿಕೊಳ್ಳುತ್ತಿದ್ದರು.

ಇವರೇ ತನ್ನ ಗುರುವಾಗಬೇಕೆಂದು ಶರೀಫರಿಗೆ ಅನ್ನಿಸಿತು. ಇಬ್ಬರೂ ಮೊದಲು ಕಂಡ ಸಂಗತಿಯನ್ನು ಜನರು ಹೀಗೆ ಹೇಳುತ್ತಾರೆ. ಭಟ್ಟರು ಹುಡುಗನನ್ನು ನೋಡಿ, ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ. ನಿಮ್ಮ ಅಪ್ಪನೇ ನನ್ನ ಅಪ್ಪ ಎಂದು ಹುಡುಗ ಥಟ್ಟನೆ ಉತ್ತರ ಕೊಟ್ಟನಂತೆ. ಸುತ್ತ ಇದ್ದವರು ಬೆಚ್ಚಿಬಿದ್ದರು. ಹಿರಿಯರ ಮುಂದೆ ಎಂಥ ಸೊಕ್ಕಿನ ಮಾತು! ಆದರೆ ಭಟ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ಎಲ್ಲರನ್ನೂ ಹುಟ್ಟಿಸಿದವನು ಒಬ್ಬನೇ ಎಂಬುದನ್ನು ಹುಡುಗ ಹೇಳುತ್ತಿದ್ದಾನೆಂದು ಅವರಿಗೆ ತಿಳಿಯಿತು. ಅಂದಿನಿಂದ ಶರೀಫರು ಗೋವಿಂದ ಭಟ್ಟರ ಶಿಷ್ಯರಾದರು.

ಈಗ ಇದು ಸುಲಭದ ಮಾತಾಗಿ ಕಾಣಬಹುದು. ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಗುರುವೂ ಶಿಷ್ಯನೂ ಜೊತೆಯಲ್ಲಿ ತಿರುಗಿದರು, ಜೊತೆಯಲ್ಲಿ ಉಂಡರು. ಕಳಸದ ಬ್ರಾಹ್ಮಣರಿಗೆ ಸಿಟ್ಟು ಬಂತು. ಮುಸಲ್ಮಾನರ ಹುಡುಗನನ್ನು ಮನೆಯೊಳಗೆ ಸೇರಿಸಿದರೆ ಕುಲ ಕೆಟ್ಟಿತೆಂದು ಅವರು ಭಟ್ಟರನ್ನು ಬೈದರು. ಇತ್ತ ಶಿಶುನಾಳದ ಮುಸಲ್ಮಾನರಿಗೂ ಬೇಸರವಾಯಿತು. ಭಟ್ಟರ ಹಿಂದೆ ಹೋದ ಹುಡುಗ ತಮ್ಮ ಮತದಿಂದ ದೂರವಾದನೆಂದು ಅವರು ದೂರಿದರು.

ಹೀಗೆ ದೂರಿದವರೆಲ್ಲ ಕೆಟ್ಟವರೆಂದು ತಿಳಿಯಬಾರದು. ಅವರಲ್ಲಿ ಹೆಚ್ಚಿನವರು ತಮ್ಮ ತಂದೆತಾಯಿಗಳು ಹೇಳಿಕೊಟ್ಟಂತೆ ನಡೆಯುವ ಸಾಮಾನ್ಯ ಜನ. ಒಬ್ಬನು ಕಟ್ಟಳೆಯನ್ನು ಮುರಿದರೆ ಎಲ್ಲವೂ ಮುರಿದು ಬೀಳುತ್ತದೆ ಎಂಬ ಅಂಜಿಕೆ ಅವರಿಗೆ ಇತ್ತು. ಆದರೆ ಅವರ ಅಂಜಿಕೆಯ ಭಾರವೆಲ್ಲ ಬಿದ್ದದ್ದು ಈ ಇಬ್ಬರ ಮೇಲೆ. ಆಗಿನ ಹಳ್ಳಿಗಳಲ್ಲಿ ಕುಲದಿಂದ ಹೊರಗಿಟ್ಟರೆ ಮದುವೆಗೆ ಕರೆಯುವವರಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ನೀರಿಗೆ, ಬೆಂಕಿಗೆ ಕೂಡ ಕಷ್ಟ. ಇದನ್ನು ತಿಳಿದೂ ಭಟ್ಟರು ಶಿಷ್ಯನನ್ನು ಕಳುಹಿಸಲಿಲ್ಲ. ಶಿಷ್ಯನೂ ಗುರುವನ್ನು ಬಿಡಲಿಲ್ಲ.

ಒಮ್ಮೆ ಗೋವಿಂದ ಭಟ್ಟರು ಶರೀಫರಿಗೆ ಜನಿವಾರವನ್ನೇ ಹಾಕಿದರು. ಶರೀಫರು ತಮ್ಮ ಹಾಡೊಂದರಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಜನಿವಾರ ಹಾಕಿಸಿಕೊಂಡರೂ ಅವರು ತಮ್ಮ ಹೆಸರನ್ನು ಬದಲಿಸಲಿಲ್ಲ. ಕೊನೆಯವರೆಗೂ ಶರೀಫ ಸಾಹೇಬರಾಗಿಯೇ ಉಳಿದರು. ಭಟ್ಟರೂ ಅದನ್ನು ಕೇಳಲಿಲ್ಲ. ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವುದು ಇದು. ಶಿಷ್ಯನು ತನ್ನಂತೆಯೇ ಆಗಬೇಕೆಂದು ಗುರು ಬಯಸಲಿಲ್ಲ.

ಶರೀಫರು ಕುಂದಗೋಳದ ಫಾತಿಮಾ ಎಂಬವರನ್ನು ಮದುವೆಯಾದರು. ಒಂದು ಹೆಣ್ಣುಮಗು ಹುಟ್ಟಿತು. ಆದರೆ ಆ ಸಂಸಾರ ಹೆಚ್ಚು ಕಾಲ ಉಳಿಯಲಿಲ್ಲ. ಹೆಂಡತಿಯೂ ಮಗಳೂ ತೀರಿಕೊಂಡರು. ಕೈಯಲ್ಲಿದ್ದ ಆಸ್ತಿಯೂ ಕರಗಿತು. ಶರೀಫರು ಆ ದುಃಖವನ್ನೂ ಹಾಡಾಗಿ ಹಾಡಿದರು. ಮುಂದೆ ಊರೂರು ಅಲೆಯುತ್ತಾ, ಕಂಡದ್ದನ್ನು ಹಾಡು ಕಟ್ಟುತ್ತಾ ಬದುಕಿದರು.

ಅವರ ಹಾಡುಗಳಿಗೆ ತತ್ವಪದಗಳು ಎಂದು ಹೆಸರು. ದೊಡ್ಡ ವಿಚಾರವನ್ನು ಚಿಕ್ಕ ವಸ್ತುವಿನಲ್ಲಿ ಇಟ್ಟು ಹೇಳುವ ಹಾಡುಗಳು ಇವು. ಉತ್ತರದ ಬಯಲು ಸೀಮೆಯ ಮನೆಗಳಿಗೆ ಮಣ್ಣಿನ ಮಾಳಿಗೆ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಸರಿಮಾಡದಿದ್ದರೆ ಸೋರುತ್ತದೆ. ಈ ಸೋರುವ ಮಾಳಿಗೆಯನ್ನು ಹಿಡಿದು ಶರೀಫರು ಮನುಷ್ಯನ ಅಜ್ಞಾನದ ಬಗ್ಗೆ ಹಾಡು ಕಟ್ಟಿದರು. ಬೀಸುವ ಕಲ್ಲು, ಕೋಲಾಟ, ಹಾವು, ಹತ್ತಿಯ ಗಿರಣಿ ಎಲ್ಲವೂ ಅವರ ಹಾಡಿಗೆ ಬಂದವು. ಚಿಕ್ಕದು ದೊಡ್ಡದನ್ನು ನುಂಗುತ್ತಾ ಹೋಗುವ ಅವರ ಒಗಟಿನ ಹಾಡೊಂದು ಮಕ್ಕಳಿಗೆಲ್ಲ ಬಲು ಇಷ್ಟ. ಅದನ್ನು ಕೇಳಿದವರು ಮೊದಲು ನಗುತ್ತಾರೆ. ಅರ್ಥವನ್ನು ಹುಡುಕುವುದು ಆಮೇಲೆ.

ಶರೀಫರು ಸವದತ್ತಿಯ ಎಲ್ಲಮ್ಮನನ್ನು ಹಾಡಿದರು, ಹುಲಗೂರಿನ ಸಂತರನ್ನು ಹಾಡಿದರು, ಅಲ್ಲಾಹನನ್ನೂ ಹಾಡಿದರು. ಮೊಹರಂ ಹಬ್ಬಕ್ಕಾಗಿ ಅಲಾವಿ ಪದಗಳನ್ನು ಕಟ್ಟಿದರು. ಮೊಹರಂ ಎಂದರೆ ನಮ್ಮ ಮೈಸೂರು ಸೀಮೆಯ ಹಳಬರು ಬಾಬಯ್ಯನ ಹಬ್ಬ ಎನ್ನುತ್ತಿದ್ದರಲ್ಲ, ಅದೇ. ಕ್ರಿ.ಶ. 680ರಲ್ಲಿ ಕರ್ಬಲಾ ಎಂಬಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಯುದ್ಧದಲ್ಲಿ ಮಡಿದರು. ಅದನ್ನು ನೆನೆಯುವ ದಿನಗಳು ಇವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುತ್ತಾರೆ. ದೂರದ ಅರಬರ ನಾಡಿನ ಆ ದುಃಖವನ್ನು ಅವರೆಲ್ಲರೂ ತಮ್ಮ ಮಾತಿನಲ್ಲಿ, ಕನ್ನಡದಲ್ಲಿ ಹಾಡುವಂತೆ ಶರೀಫರು ಮಾಡಿದರು.

ವಚನಕಾರರೂ ಕೀರ್ತನಕಾರರೂ ತಮ್ಮ ರಚನೆಯ ಕೊನೆಯಲ್ಲಿ ಇಷ್ಟದೇವರ ಹೆಸರನ್ನು ಇಡುತ್ತಾರೆ. ಇದಕ್ಕೆ ಅಂಕಿತ ಎನ್ನುತ್ತಾರೆ. ಶರೀಫರ ಅಂಕಿತ ಶಿಶುನಾಳಾಧೀಶ. ಎಂದರೆ ಶಿಶುನಾಳದ ಒಡೆಯ, ಆ ಊರಿನ ಗುಡಿಯ ಬಸವಣ್ಣ. ಅನೇಕ ಹಾಡುಗಳಲ್ಲಿ ಗುರು ಗೋವಿಂದನ ಹೆಸರೂ ಬರುತ್ತದೆ. ಮುಸಲ್ಮಾನರ ಮನೆಯ ಮಗ, ಬ್ರಾಹ್ಮಣ ಗುರು, ಲಿಂಗಾಯತರು ಪೂಜಿಸುವ ಬಸವಣ್ಣ: ಮೂವರೂ ಒಂದೇ ಹಾಡಿನಲ್ಲಿ ಕೂಡಿದರು.

ಹಾಗೆಂದು ಶರೀಫರು ಎಲ್ಲರನ್ನೂ ಹೊಗಳುತ್ತಾ ಹೋದವರಲ್ಲ. ಅವರ ನಾಲಿಗೆ ಬಹಳ ಹರಿತ. ನುಡಿಸಲು ಬಾರದೆ ತಂಬೂರಿ ಹಿಡಿದು ಮೆರೆಯುವವರನ್ನು ಗೇಲಿ ಮಾಡಿ ಹಾಡಿದ್ದಾರೆ. ಹೊರಗೆ ಭಕ್ತಿಯ ವೇಷ, ಒಳಗೆ ಏನೂ ಇಲ್ಲ ಎಂಬುವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಂಥವರು ಯಾವ ಮತದವರಾದರೂ ಬಿಡುತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ಅಳೆಯುವಾಗ ಅವರು ನೋಡುತ್ತಿದ್ದದ್ದು ಅವನು ಏನು ಹಿಡಿದಿದ್ದಾನೆ ಎಂಬುದನ್ನಲ್ಲ. ಹಿಡಿದದ್ದನ್ನು ನುಡಿಸಲು ಬರುತ್ತದೆಯೇ ಎಂಬುದನ್ನು.

ಆ ಕಾಲದಲ್ಲಿ ಧಾರವಾಡ ಸೀಮೆಯಲ್ಲಿ ಇಂಥ ಸಾಧುಗಳು ಹಲವರಿದ್ದರು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗ ಸ್ವಾಮಿಗಳು, ಗರಗದ ಮಡಿವಾಳಪ್ಪನವರು ಇವರಲ್ಲಿ ಮುಖ್ಯರು. ಶರೀಫರಿಗೆ ಇವರೆಲ್ಲರ ಒಡನಾಟವಿತ್ತೆಂದು ಜನರು ಹೇಳುತ್ತಾರೆ.

ಗೋವಿಂದ ಭಟ್ಟರು ಮೊದಲು ಕಾಲವಾದರು. ಗುರುವಿಲ್ಲದೆ ಶರೀಫರು ಇನ್ನೂ ಹಲವು ವರ್ಷ ಬದುಕಿದರು. ಬಡತನ ಬಿಡಲಿಲ್ಲ, ಹಾಡೂ ನಿಲ್ಲಲಿಲ್ಲ.

1889ರಲ್ಲಿ ಅವರಿಗೆ ತಮ್ಮ ಕೊನೆಗಾಲ ಹತ್ತಿರವಾಯಿತೆಂದು ತಿಳಿಯಿತು. ಆ ಸೀಮೆಯ ಲಿಂಗಾಯತರಲ್ಲಿ ಒಂದು ಪದ್ಧತಿ ಇದೆ. ಸಾಯುವವರ ತಲೆಯ ಮೇಲೆ ಮಠದ ಅಯ್ಯನವರು ಪಾದ ಇಟ್ಟು ಹರಸುತ್ತಾರೆ. ತನಗೂ ಹಾಗೆ ಮಾಡಬೇಕೆಂದು ಶರೀಫರು ಊರಿನ ಹಿರೇಮಠದ ಅಯ್ಯನವರನ್ನು ಬೇಡಿಕೊಂಡರಂತೆ. ಅಯ್ಯನವರು ಹಿಂದೆಗೆದರು. ಮುಸಲ್ಮಾನರೊಬ್ಬರಿಗೆ ಇದನ್ನು ಮಾಡಬಹುದೇ, ಊರವರು ಏನೆನ್ನುತ್ತಾರೆ ಎಂಬ ಚಿಂತೆ ಅವರದು. ಅದಕ್ಕಿಂತ ಹೆಚ್ಚಾಗಿ, ಇಂಥ ಹಿರಿಯರ ತಲೆಯ ಮೇಲೆ ತಾನು ಕಾಲಿಡುವುದೇ ಎಂಬ ಸಂಕೋಚವೂ ಇದ್ದಿರಬಹುದು. ಶರೀಫರು ಬಿಡಲಿಲ್ಲ. ಕೊನೆಗೆ ಅಯ್ಯನವರು ಒಪ್ಪಿದರು ಎಂದು ಹೇಳುತ್ತಾರೆ. ಆ ವರ್ಷ ಶರೀಫರು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತು ವರ್ಷ.

ಅವರು ಸತ್ತೊಡನೆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಇವರು ಯಾವ ಜನ? ಅಂತ್ಯಕ್ರಿಯೆ ಯಾರ ಪದ್ಧತಿಯಂತೆ ಆಗಬೇಕು? ಮುಸಲ್ಮಾನರು ಇವರು ನಮ್ಮವರೆಂದರು. ಹಿಂದೂಗಳೂ ಇವರು ನಮ್ಮವರೆಂದರು. ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ನೋಡಿ. ಹುಡುಗನಾಗಿದ್ದಾಗ ಎರಡು ಕಡೆಯವರೂ ಇವನು ನಮ್ಮವನಲ್ಲ ಎಂದಿದ್ದರು. ಈಗ ಎರಡು ಕಡೆಯವರಿಗೂ ಅವರು ಬೇಕು! ಕೊನೆಗೆ ಊರವರು ಒಂದು ತೀರ್ಮಾನಕ್ಕೆ ಬಂದರು. ಒಂದು ಕಡೆ ಕುರಾನಿನ ಓದು, ಇನ್ನೊಂದು ಕಡೆ ಮಂತ್ರ. ಎರಡೂ ಪದ್ಧತಿಗಳಂತೆ ಶರೀಫರನ್ನು ಶಿಶುನಾಳದ ಮಣ್ಣಿನಲ್ಲಿ ಸಮಾಧಿ ಮಾಡಿದರು.

ಅವರ ಹಾಡುಗಳು ಬಹುಕಾಲ ಭಜನೆಯವರ ಬಾಯಲ್ಲಿಯೇ ಉಳಿದಿದ್ದವು. ಆಮೇಲೆ ಪುಸ್ತಕಗಳಾದವು. ಗಾಯಕ ಸಿ. ಅಶ್ವತ್ಥ್ ಅವರು ಅವುಗಳನ್ನು ಹೊಸದಾಗಿ ಹಾಡಿ ನಾಡಿಗೆಲ್ಲ ಕೇಳಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರು ಶರೀಫರ ಬದುಕನ್ನು ಚಲನಚಿತ್ರ ಮಾಡಿದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿತು. ಹೀಗೆ ಬಯಲು ಸೀಮೆಯ ಹಾಡು ಕ್ಯಾಸೆಟ್ಟುಗಳಲ್ಲಿ ಊರೂರು ದಾಟಿ ನಮ್ಮ ಬೆಟ್ಟದವರೆಗೂ ಬಂತು.

ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡು ಕಡೆಯವರೂ ಹೋಗುತ್ತಾರೆ. ಕೆಲವರು ಕಾಯಿ ಒಡೆಸುತ್ತಾರೆ. ಕೆಲವರು ಸಕ್ಕರೆ ಓದಿಸುತ್ತಾರೆ. ಕಾಯಿಯ ಹೋಳನ್ನೂ ಸಕ್ಕರೆಯನ್ನೂ ಪಕ್ಕದಲ್ಲಿದ್ದವರಿಗೆ ಹಂಚುತ್ತಾರೆ.

ಇಷ್ಟನ್ನೂ ಅಂದು ತರಗತಿಯಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಗಂಟೆ ಹೊಡೆಯಿತು. ಪ್ರಶ್ನೆ ಕೇಳಿದ್ದ ಹುಡುಗ ಮತ್ತೆ ಎದ್ದು ನಿಂತ. ಈ ಸಲ ಅವನು ಕೇಳಿದ್ದು ಆ ಒಗಟಿನ ಹಾಡನ್ನು ಇನ್ನೊಮ್ಮೆ ಹೇಳೋಣವೇ ಎಂದು. ಮಕ್ಕಳೆಲ್ಲ ಹಾಡಿದರು. ಅವನು ಹಲಗೆಯ ಮೇಲೆ ತಾಳ ಹಾಕಿದ.