ಒಂಬತ್ತು ದಿನದ ಬಂಡಾಯ, ಮುಖವಿಲ್ಲದ ನಾಯಕ

ಕೊಪ್ಪಳ ಕೋಟೆಯ ಮೆಟ್ಟಿಲು ಅರ್ಧ ಹತ್ತಿದ ಮೇಲೆ ನಮ್ಮ ಕ್ಯಾಮೆರಾಮನ್ ನಿಂತುಬಿಟ್ಟ. ಬೆಳಗಿನ ಬೆಳಕು ಚೆನ್ನಾಗಿದೆ, ಟ್ರೈಪಾಡ್ ಇಟ್ಟಾಗಿದೆ, ಈಗ ಫ್ರೇಮಿನಲ್ಲಿ ಹಿಡಿಯೋದು ಯಾರನ್ನ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಯಾರ ಬಗ್ಗೆ ಡಾಕ್ಯುಮೆಂಟರಿ ಮಾಡೋಕೆ ಹೊರಟಿದ್ದೆವೋ ಅವನು 1858ರ ಜೂನ್ 1ರಂದು ಇದೇ ಕೋಟೆಯಲ್ಲಿ ಸತ್ತಿದ್ದ. ಅವನ ಫೋಟೊ ಆಗಲಿ, ಎದುರು ಕೂತು ಬರೆದ ಚಿತ್ರವಾಗಲಿ ನಮಗೆ ಎಲ್ಲೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಇಷ್ಟೇ: ಅವನನ್ನು ಕೊಂದವರು ಬರೆದಿಟ್ಟ ಕಾಗದ, ಆಮೇಲೆ ಬಂದವರು ಕಟ್ಟಿದ ಕಥೆ, ಮತ್ತು ಈ ಕಲ್ಲು.

ಮುಂಡರಗಿ ಭೀಮರಾಯನ ಹೆಸರು ನೀವು ಕೇಳಿರ್ತೀರಿ. ಶಾಲೆಯ ಪಾಠದಲ್ಲಿ ಹಲಗಲಿ ಬೇಡರಿಗೂ ನರಗುಂದದ ಬಾಬಾಸಾಹೇಬನಿಗೂ ನಡುವೆ ಒಂದು ಸಾಲಿನಲ್ಲಿ ಬಂದು ಹೋಗ್ತಾನೆ. ಒಂದು ಮಾರ್ಕಿನ ಪ್ರಶ್ನೆ, ಬಿಟ್ಟ ಸ್ಥಳ ತುಂಬಿ. ಪಿಯುಸಿ ಮುಗಿಸಿ ಸಿವಿಲ್ ಇಂಜಿನಿಯರಿಂಗ್ ಸೇರಿ, ಅಲ್ಲಿಂದ ಪತ್ರಿಕೋದ್ಯಮಕ್ಕೆ ಜಾರಿ ಬರುವವರೆಗೂ ನನಗೂ ಅವನು ಅಷ್ಟೇ ಆಗಿದ್ದ.

ಅವನ ಊರು ಮುಂಡರಗಿ. ಈಗ ಗದಗ ಜಿಲ್ಲೆ, ಆಗ ಮುಂಬೈ ಪ್ರಾಂತ್ಯದ ಧಾರವಾಡ ಸೀಮೆ. ಓದು ಬರಹ ಬಲ್ಲ, ಊರಲ್ಲಿ ಮಾತು ನಡೆಯುವ ಬ್ರಾಹ್ಮಣ ಮನೆತನ. ಭೀಮರಾಯ ಕಂಪನಿ ಸರ್ಕಾರದ ನೌಕರಿಯಲ್ಲೇ ಇದ್ದವನು, ಬಳ್ಳಾರಿ ಕಡೆ ತಹಶೀಲ್ದಾರಿಕೆ ಮಾಡಿದವನು. ಆ ಕೆಲಸ ಹೋಯಿತು. ಇಲ್ಲಿಂದ ಮುಂದೆ ಕಥೆ ಎರಡಾಗಿ ಸೀಳುತ್ತೆ. ಬ್ರಿಟಿಷ್ ದಾಖಲೆಗಳ ಪ್ರಕಾರ ಅವನು ಕೆಲಸ ಕಳೆದುಕೊಂಡ ಹೊಟ್ಟೆಕಿಚ್ಚಿನ ಮನುಷ್ಯ. ನಮ್ಮ ಜಯಂತಿ ಭಾಷಣಗಳಲ್ಲಿ ನೌಕರಿಯ ವಿಷಯ ಬರೋದೇ ಇಲ್ಲ, ಅವನು ಹುಟ್ಟುತ್ತಲೇ ದೇಶಭಕ್ತ.

ನನಗೆ ಎರಡೂ ಸೋಮಾರಿ ವಿವರಣೆ ಅನಿಸುತ್ತೆ. ತಹಶೀಲ್ದಾರ್ ಆಗಿದ್ದವನಿಗೆ ಸರ್ಕಾರ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರುತ್ತೆ. ಯಾವ ಕಡತ ಎಲ್ಲಿಗೆ ಹೋಗುತ್ತೆ, ಖಜಾನೆಗೆ ಎಷ್ಟು ಜನ ಕಾವಲು, ಜಮೀನಿನ ಹಕ್ಕನ್ನ ಒಂದು ಷರಾದಲ್ಲಿ ಹೇಗೆ ಕಿತ್ತುಕೊಳ್ತಾರೆ, ಎಲ್ಲಾ. ಆ ವರ್ಷಗಳಲ್ಲಿ ಇನಾಮ್ ಕಮಿಷನ್ ಧಾರವಾಡ, ಬೆಳಗಾವಿ ಸೀಮೆಯಲ್ಲಿ ತಲೆಮಾರುಗಳಿಂದ ಅನುಭವಿಸಿದ ಜಮೀನುಗಳ ಸನದು ತೋರಿಸಿ ಅಂತ ಕೇಳ್ತಾ ತಿರುಗುತ್ತಿತ್ತು. ತೋರಿಸದವರದ್ದು ಹೋಯ್ತು. ನೂರಾರು ವರ್ಷದ ಹಿಂದೆ ಕೊಟ್ಟ ಜಮೀನಿಗೆ ಕಾಗದ ಎಲ್ಲಿಂದ ತರೋದು? (ದಾಖಲೆ ತೋರಿಸಿ ಅನ್ನೋ ಮಾತು ನಮ್ಮ ಕಾಲದ ಆವಿಷ್ಕಾರವೇನಲ್ಲ.) ಅದರ ಮೇಲೆ 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಆಯುಧ ಒಪ್ಪಿಸಲು ಒಪ್ಪದ ಹಲಗಲಿಯನ್ನು ಆ ನವೆಂಬರ್‌ನಲ್ಲಿ ಸುಟ್ಟರು. 1858ರ ಫೆಬ್ರವರಿಯಲ್ಲಿ ಸುರಪುರ ಬಿತ್ತು. ಮುಂಡರಗಿಯಲ್ಲಿ ಕೂತಿದ್ದವನಿಗೆ ಈ ಸುದ್ದಿಗಳೆಲ್ಲ ಒಂದೊಂದಾಗಿ ಬಂದು ಮುಟ್ಟಿರಬೇಕು. ಅಂದರೆ ಸೋಲುವ ಸಾಧ್ಯತೆಯೇ ಹೆಚ್ಚು ಅನ್ನೋದು ಕಣ್ಣಿಗೆ ಕಾಣುವ ಹೊತ್ತಲ್ಲಿ ಅವನು ಎದ್ದ. ಹೊಟ್ಟೆಕಿಚ್ಚಿಗೆ ಇಷ್ಟು ದುಬಾರಿ ಬೆಲೆ ಯಾರೂ ಕೊಡಲ್ಲ.

ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡ ಅಂತ ಅವನ ಜೊತೆಗಾರ. ಅವನು ಕೂಡಿಟ್ಟಿದ್ದ ಆಯುಧಗಳನ್ನು ಸರ್ಕಾರದವರು ಪತ್ತೆಹಚ್ಚಿ, ಮುದ್ರೆ ಹಾಕಿ, ಕಾವಲಿಟ್ಟಿದ್ದರು. ಮೇ 24ರಂದು ಭೀಮರಾಯ, ಕೆಂಚನಗೌಡರ ಜನ ಕಾವಲಿನವರ ಮೇಲೆ ಬಿದ್ದು ಅವನ್ನು ಎತ್ತಿಕೊಂಡರು. ಅಲ್ಲಿಂದ ಡಂಬಳಕ್ಕೆ ಹೋಗಿ ಖಜಾನೆ ಲೂಟಿ. ದಾರಿಯಲ್ಲಿ ಜನ ಸೇರುತ್ತಾ ಹೋದರು. ಆಮೇಲೆ ಗಡಿ ದಾಟಿ ನಿಜಾಮನ ಸೀಮೆಯೊಳಗೆ ನುಗ್ಗಿ ಕೊಪ್ಪಳದ ಕೋಟೆ ಹಿಡಿದರು. ಈ ಕಡೆ ಮೇ 29ರಂದು ಸುರೇಬಾನದಲ್ಲಿ ನರಗುಂದದವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಕಡಿದರು. ಇಬ್ಬರೂ ಒಟ್ಟಿಗೆ ಏಳುವ ಮಾತುಕತೆ ಮೊದಲೇ ಆಗಿತ್ತು. ಆದರೆ ಹಮ್ಮಿಗಿಯ ಮುದ್ರೆ ಭೀಮರಾಯನ ಕೈಯನ್ನ ಅವಸರ ಮಾಡಿಸಿತ್ತು. ಜೂನ್ 1ರಂದು ಮೇಜರ್ ಹ್ಯೂಸ್‌ನ ಪಡೆ ಕೋಟೆಗೆ ನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಸತ್ತರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

ಹಮ್ಮಿಗಿಯಿಂದ ಕೊಪ್ಪಳದ ತನಕ ಎಣಿಸಿದರೆ ಒಂಬತ್ತು ದಿನ. ನಾವು ಇದೇ ದಾರಿಯನ್ನ ಬೈಕಿನಲ್ಲಿ ಮಾಡಿದೆವು, ಚಹಾ ಕುಡಿಯೋಕೆ ನಿಂತಿದ್ದೂ ಸೇರಿ ಒಂದು ಹಗಲಿನೊಳಗೆ ಮುಗಿದುಹೋಯ್ತು.

ಕೊಪ್ಪಳವೇ ಯಾಕೆ ಅಂತ ನಾನು ಬಹಳ ತಲೆ ಕೆಡಿಸಿಕೊಂಡೆ. ಕಾಗದದ ಮೇಲೆ ಇದು ಬಲವಾದ ಕೋಟೆ. ಟಿಪ್ಪು 1786ರಲ್ಲಿ ಇದನ್ನ ತಗೊಂಡು ಫ್ರೆಂಚ್ ಇಂಜಿನಿಯರ್‌ಗಳಿಂದ ಗಟ್ಟಿ ಮಾಡಿಸಿದ. 1790ರಲ್ಲಿ ಕಂಪನಿ ಮತ್ತು ನಿಜಾಮನ ಪಡೆಗಳು ಸೇರಿ ಮುತ್ತಿಗೆ ಹಾಕಿದಾಗ ತಿಂಗಳುಗಟ್ಟಲೆ ಜಗ್ಗಲಿಲ್ಲ. 1819ರಲ್ಲಿ ವೀರಪ್ಪ ದೇಸಾಯಿ ಬಂಡೆದ್ದು ಹಿಡಿದದ್ದೂ ಇದನ್ನೇ. ಹಾಗಾದರೆ ಭೀಮರಾಯನ ಕೈಯಲ್ಲಿ ನಾಲ್ಕು ದಿನವೂ ಯಾಕೆ ನಿಲ್ಲಲಿಲ್ಲ? ಒಳಗಿನವರು ಬಾಗಿಲು ತೆಗೆದರು ಅನ್ನೋ ಮಾತು ಊರಲ್ಲಿದೆ, ಸೋತ ಪ್ರತಿ ಕೋಟೆಗೂ ಅಂಥದ್ದೊಂದು ಕಥೆ ಇರುತ್ತೆ. ನನ್ನ ಅರ್ಧಂಬರ್ಧ ಇಂಜಿನಿಯರಿಂಗ್ ಬುದ್ಧಿ ಹೇಳೋದು ಬೇರೆ. ಗೋಡೆ ತಾನಾಗೇ ಕಾಯಲ್ಲ. ಇಷ್ಟು ಸುತ್ತಳತೆಗೆ ಇಷ್ಟು ಜನ, ಇಷ್ಟು ನೀರು, ಇಷ್ಟು ಮದ್ದು ಅಂತ ಲೆಕ್ಕ ಇರುತ್ತೆ. ವಾರದೊಳಗೆ ಕೂಡಿದ ಗುಂಪಿಗೆ ಟಿಪ್ಪುವಿನ ಕೋಟೆ ಅಳತೆ ಮೀರಿದ ಅಂಗಿ.

ಇನ್ನೊಂದು ಕಾರಣ ಗಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಆಗ ಹೈದರಾಬಾದ್ ಸಂಸ್ಥಾನ. ಮುಂಬೈ ಸರ್ಕಾರದ ಅಧಿಕಾರಿ ಇಲ್ಲಿಗೆ ಕಾಲಿಡಬೇಕಾದರೆ ಪತ್ರ ವ್ಯವಹಾರ ಬೇಕು, ಆ ಹೊತ್ತಿಗೆ ಉಸಿರು ತಗೋಬಹುದು ಅಂತ ಭೀಮರಾಯ ಲೆಕ್ಕ ಹಾಕಿರಬಹುದು. ಕಡತ ಗೊತ್ತಿದ್ದ ಮನುಷ್ಯ ಹಾಕುವ ಲೆಕ್ಕವೇ ಅದು. ಆದರೆ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಆ ದಂಗೆಯ ಪೂರ್ತಿ ಬ್ರಿಟಿಷರ ಪಕ್ಕ ನಿಂತಿದ್ದ. ಗಡಿ ಭೀಮರಾಯನಿಗೆ ಅಡ್ಡವಾಯಿತೇ ಹೊರತು ಹ್ಯೂಸ್‌ಗೆ ಆಗಲಿಲ್ಲ.

ಅದೇ ಗಡಿ ಆಮೇಲೆ ಅವನ ನೆನಪಿಗೂ ಅಡ್ಡ ಬಂತು. ಹುಟ್ಟಿದ್ದು ಮುಂಬೈ ಪ್ರಾಂತ್ಯ, ಕೆಲಸ ಮಾಡಿದ್ದು ಮದರಾಸು ಪ್ರಾಂತ್ಯ, ಸತ್ತಿದ್ದು ನಿಜಾಮನ ರಾಜ್ಯ. ಒಬ್ಬ ಮನುಷ್ಯ ಮೂರು ಕಡೆಯ ದಾಖಲೆ ಕೋಣೆಗಳಲ್ಲಿ ಹಂಚಿಹೋಗಿದ್ದಾನೆ. ಧಾರವಾಡದ ಗೆಜೆಟಿಯರ್ ಅವನನ್ನು ತನ್ನ ಜಿಲ್ಲೆಯ ತಂಟೆಕೋರ ಅನ್ನೋ ಹಾಗೆ ಬರೆಯುತ್ತೆ. ನಮ್ಮ ಜಿಲ್ಲೆ 1948ರ ಸೆಪ್ಟೆಂಬರ್ ತನಕ ನಿಜಾಮನ ಕೈಯಲ್ಲಿದ್ದದ್ದರಿಂದ ಇಲ್ಲಿ ಹೋರಾಟ ಅಂದರೆ ಜನಕ್ಕೆ ಮೊದಲು ನೆನಪಾಗೋದು ಹೈದರಾಬಾದ್ ವಿಮೋಚನೆ. ಮುಂಡರಗಿಯವರಿಗೆ ಅವನು ಬೇರೆ ಕಡೆ ಹೋಗಿ ಸತ್ತವನು, ಕೊಪ್ಪಳದವರಿಗೆ ಬೇರೆ ಕಡೆಯಿಂದ ಬಂದು ಸತ್ತವನು.

ಇಲ್ಲಿಗೆ ಡಾಕ್ಯುಮೆಂಟರಿ ಮಾಡೋರು ಬರಲ್ಲ ಅಂತಲ್ಲ, ಬರ್ತಾರೆ. ಗಂಗಾವತಿ ಕಡೆ ಹಿರೇಬೆಣಕಲ್ಲಿನ ಶಿಲಾ ಸಮಾಧಿ, ಆನೆಗೊಂದಿ. ಹಿಂದೆ ಯಲಬುರ್ಗಾ ತಾಲ್ಲೂಕಿಗೇ ಸೇರಿದ್ದ ಇಟಗಿಯ 1112ರ ಮಹಾದೇವ ಗುಡಿ. ಕುಷ್ಟಗಿ ತಾಲ್ಲೂಕಿನ ಪುರದ ಸೋಮೇಶ್ವರ. ಕಿನ್ನಾಳದ ಗೊಂಬೆ. ಡ್ರೋನ್ ಹಾರಿಸಿ, ಕೊಳಲು ಹಾಕಿ, ಹೋಗ್ತಾರೆ. ಕಲ್ಲು ಅಲುಗಾಡಲ್ಲ, ಎದುರು ಮಾತಾಡಲ್ಲ. ಕ್ಯಾಮೆರಾಗೆ ಹೇಳಿ ಮಾಡಿಸಿದ ಪಾತ್ರ.

ಸಂಕಟ ಏನಂದ್ರೆ, ಭೀಮರಾಯನ ಕಾಲಕ್ಕೆ ಕ್ಯಾಮೆರಾ ಇಲ್ಲಿ ಇರಲಿಲ್ಲ ಅನ್ನೋ ಹಾಗೂ ಇಲ್ಲ. ಸಿನಿಮಾ ಬಂದದ್ದು ಅವನು ಸತ್ತು ಮೂವತ್ತೇಳು ವರ್ಷಕ್ಕೆ, ಸರಿ. ಆದರೆ 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಕಂಪನಿ ಸೇನಾಧಿಕಾರಿ ಹಂಪಿಯಲ್ಲಿ ಓಡಾಡಿ ಕಾಗದದ ನೆಗೆಟಿವ್‌ಗಳಲ್ಲಿ ಗುಡಿಗಳ ಫೋಟೊ ತೆಗೆದಿದ್ದ. ಹೊಳೆ ದಾಟಿದರೆ ಆನೆಗೊಂದಿ, ಇನ್ನಷ್ಟು ಪಶ್ಚಿಮಕ್ಕೆ ಬಂದರೆ ಕೊಪ್ಪಳ. ಎರಡು ವರ್ಷದ ಅಂತರ. ಅವನ ಕ್ಯಾಮೆರಾ ಕಲ್ಲನ್ನು ನೋಡಿತು. 1858ರಲ್ಲಿ ಫೆಲೀಚೆ ಬಿಯಾಟೊ ಲಖನೌಗೆ ಹೋಗಿ ಬಂಡಾಯಗಾರರ ಫೋಟೊವನ್ನೂ ತೆಗೆದ. ಹೇಗೆ ಅಂದರೆ, ಸಿಕಂದರ್ ಬಾಗ್‌ನಲ್ಲಿ ತಿಂಗಳುಗಳ ಹಿಂದೆ ಸತ್ತವರ ಎಲುಬುಗಳನ್ನ ಅಂಗಳದಲ್ಲಿ ಹರಡಿಸಿ, ಕಟ್ಟಡದ ಮುಂದೆ ನಾಲ್ಕು ಜನರನ್ನ ನಿಲ್ಲಿಸಿ. ನಮ್ಮ ದೇಶದ ಮೊದಮೊದಲ ಯುದ್ಧದ ಚಿತ್ರವೇ ಜೋಡಿಸಿದ ಚಿತ್ರ. ಡಾಕ್ಯುಮೆಂಟರಿಯ ಆದಿಪುರಾಣದಂಥ 1922ರ ನಾನೂಕ್ ಆಫ್ ದಿ ನಾರ್ತ್‌ನಲ್ಲೂ, ಹಿಮದ ಮನೆಯೊಳಗೆ ಬೆಳಕು ಸಾಲದು ಅಂತ ಅರ್ಧ ಮನೆಯನ್ನಷ್ಟೇ ಕಟ್ಟಿಸಿ ಶೂಟ್ ಮಾಡಿದ್ದರು. ಹಾಗಾಗಿ ನಾನು ಸತ್ಯಹರಿಶ್ಚಂದ್ರನ ಪೋಸು ಕೊಡಲ್ಲ.

ಕೊಡೋಕೆ ಮುಖವೂ ಇಲ್ಲ. ದುಡ್ಡು ಹಾಕೋಕೆ ಒಪ್ಪಿದ್ದ ಒಬ್ಬರು ಎರಡು ಷರತ್ತು ಇಟ್ಟಿದ್ದರು: ನಾಯಕನ ಮುಖ ಕಾಣಬೇಕು, ತಹಶೀಲ್ದಾರ್ ಕೆಲಸ ಹೋದ ವಿಷಯ ತೆಗೀಬೇಕು. ಎರಡನೆಯದಕ್ಕೆ ಅಲ್ಲೇ ಆಗಲ್ಲ ಅಂದೆ. ಮೊದಲನೆಯದಕ್ಕೆ ಅನ್ನಲಿಲ್ಲ. ರಾತ್ರಿ ರೂಮಿನಲ್ಲಿ ಕೂತು ಎಐಗೆ ನಾಲ್ಕು ಸಾಲು ಬರೆದೆ. ಮೂವತ್ತು ಸೆಕೆಂಡಿನಲ್ಲಿ ಭೀಮರಾಯ ಬಂದ. ದಪ್ಪ ಮೀಸೆ, ಉರಿಯುವ ಕಣ್ಣು, ಹಿಂದೆ ಹೊತ್ತಿ ಉರಿಯುವ ಕೋಟೆ. ನಿಜ ಹೇಳ್ತೀನಿ, ರೋಮಾಂಚನ ಆಯ್ತು. ಗ್ರೂಪಿಗೆ ಹಾಕಿದೆ, ಎಲ್ಲರೂ ಬೆಂಕಿಯ ಎಮೋಜಿ ಒತ್ತಿದರು. ಬೆಳಿಗ್ಗೆ ಎದ್ದು ನೋಡಿದರೆ ಪೇಟ ರಜಪೂತರದ್ದು, ಕೋಟೆ ರಾಜಸ್ಥಾನದ್ದು, ಮುಖ ಯಾವುದೋ ತೆಲುಗು ಸಿನಿಮಾದ ಹೀರೋದು. ನಮ್ಮೂರ ಒಬ್ಬ ಮಾಜಿ ತಹಶೀಲ್ದಾರ, ಕೈಗೆ ಮಸಿ ಅಂಟಿಸಿಕೊಂಡು ಬದುಕಿದವನು, ಅದರಲ್ಲಿ ಎಲ್ಲೂ ಇರಲಿಲ್ಲ.

ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ, ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾಗಿದ್ದು 1839ರಲ್ಲಿ. ಆದರೂ ಇವತ್ತು ರಾಯಣ್ಣ ಅಂದರೆ ನನ್ನ ವಯಸ್ಸಿನವರ ಕಣ್ಣ ಮುಂದೆ ಬರೋದು 2012ರ ಸಿನಿಮಾದ ನಟ. ಕಥಾಚಿತ್ರ ಹಾಗೆ ಮಾಡಬಹುದು, ಅದರ ಕೆಲಸವೇ ಅದು. ಡಾಕ್ಯುಮೆಂಟರಿ ಅಂತ ಹೆಸರಿಟ್ಟು ನಾನು ಹಾಗೆ ಮಾಡಿದರೆ, ಇನ್ನು ಹತ್ತು ವರ್ಷಕ್ಕೆ ಆ ಎಐ ಮುಖವೇ ಶಾಲೆಯ ಗೋಡೆ ಮೇಲೆ ಇರುತ್ತೆ, ಅದಕ್ಕೊಂದು ಜಾತಿ ಸಂಘ ಇರುತ್ತೆ, ಮುಟ್ಟಿದರೆ ಪೊಲೀಸ್ ಕೇಸೂ ಇರುತ್ತೆ. ಚಿತ್ರವನ್ನ ಡಿಲೀಟ್ ಮಾಡಿದೆ. ಗ್ರೂಪಿನಲ್ಲಿ ಡೌನ್‌ಲೋಡ್ ಮಾಡಿಕೊಂಡವರ ಫೋನಿನಲ್ಲಿ ಇನ್ನೂ ಇದ್ದರೆ ಅದಕ್ಕೆ ನಾನೇ ಜವಾಬ್ದಾರ. ದುಡ್ಡು ಹಾಕುವವರು ಫೋನ್ ಎತ್ತುವುದನ್ನ ನಿಲ್ಲಿಸಿದರು.

ಮುಖ ಬಿಟ್ಟ ಮೇಲೆ ಬೇರೆಯದು ಕಾಣೋಕೆ ಶುರುವಾಯ್ತು. ಕೋಟೆ ಬಿದ್ದಾಗ ಸೆರೆ ಸಿಕ್ಕವರಿದ್ದರು, ವಿಚಾರಣೆಯ ಶಾಸ್ತ್ರ ಮುಗಿಸಿ ಅವರಲ್ಲಿ ಹಲವರನ್ನು ಕೊಂದರು. ಭೀಮರಾಯನಿಗೆ ಕೊನೇಪಕ್ಷ ಒಂದು ಮಾರ್ಕಿನ ಪ್ರಶ್ನೆಯಾದರೂ ಇದೆ. ಇವರು ನಾನು ಓದಿದ ಪುಸ್ತಕಗಳಲ್ಲಿ ಬರೀ ಸಂಖ್ಯೆ. ಯಾರು ಇವರು? ಇನಾಮು ಕಳೆದುಕೊಳ್ಳೋಕೆ ಅವರ ಬಳಿ ಇನಾಮು ಎಲ್ಲಿತ್ತು? ಒಂದು ಕತ್ತಿ, ಹಳೇ ಬಂದೂಕು, ಅದನ್ನೂ ಕೊಡು ಅಂದರಲ್ಲ, ಆ ಸಿಟ್ಟಿಗೆ ಬಂದವರೋ? ಇವತ್ತು ಯಲಬುರ್ಗಾ, ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹೊತ್ತು ಗಂಟುಮೂಟೆ ಹಿಡಿದು ಬೆಂಗಳೂರು, ಗೋವಾ ಬಸ್ಸಿಗೆ ಕಾಯುವವರ ಹಾಗೇ ಇದ್ದವರೋ? ಕೋಟೆಯ ಮೇಲಿಂದ ಡ್ರೋನ್ ಎತ್ತಿದಾಗ ಪೂರ್ವಕ್ಕೆ ಗಿಣಿಗೇರಿ ಕಡೆಯ ಚಿಮಣಿಗಳ ಹೊಗೆ ಫ್ರೇಮಿಗೆ ಬರುತ್ತೆ. ಎಡಿಟಿಂಗ್‌ನಲ್ಲಿ ಅಳಿಸಬಹುದು ಅಂದರು. ಬಿಡಿ, ಇರಲಿ ಅಂದೆ.

ಈಗ ಸಿನಿಮಾ ಇಪ್ಪತ್ತಾರು ನಿಮಿಷಕ್ಕೆ ಬಂದು ನಿಂತಿದೆ. ಕೊನೆಯಲ್ಲಿ ಆ ಸೆರೆಯಾಳುಗಳ ಜಾಗಕ್ಕೆ ಕಪ್ಪು ಪರದೆ, ಕೋಟೆಯ ಗಾಳಿ ಸದ್ದು, ಅಷ್ಟೇ. ಎಷ್ಟು ಹೊತ್ತು ಅನ್ನೋದರ ಮೇಲೆ ಜಗಳ. ಆರು ಸೆಕೆಂಡಿಗಿಂತ ಹೆಚ್ಚಾದರೆ ಮೊಬೈಲಿನಲ್ಲಿ ನೋಡುವವರು ವಿಡಿಯೊ ನಿಂತುಹೋಯ್ತು ಅಂದುಕೊಂಡು ಮುಂದಕ್ಕೆ ತಳ್ಳುತ್ತಾರೆ ಅಂತ ಎಡಿಟರ್. ನಾನು ನಲವತ್ತು ಕೇಳಿದ್ದೆ. ಸದ್ಯಕ್ಕೆ ಇಪ್ಪತ್ತೆರಡಕ್ಕೆ ರಾಜಿಯಾಗಿದೆ.