ಮರಿಯಾ ಮಾಂಟೆಸ್ಸೊರಿ

ಮರಿಯಾ ಮಾಂಟೆಸ್ಸೊರಿ (31 ಆಗಸ್ಟ್ 1870 – 6 ಮೇ 1952) ಇಟಲಿಯ ವೈದ್ಯೆ ಹಾಗೂ ಶಿಕ್ಷಣತಜ್ಞೆ. ಎಳೆಯ ಮಕ್ಕಳ ಶಿಕ್ಷಣಕ್ಕಾಗಿ ಅವರು ರೂಪಿಸಿದ ಕ್ರಮವು ಮಾಂಟೆಸ್ಸೊರಿ ಪದ್ಧತಿ ಎಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಬೆರಳಿನಿಂದ ಮುಟ್ಟಿ ತಿಳಿಯುವ ಅಕ್ಷರಗಳು, ಜೋಡಿಸಿ ಬಿಡಿಸಬಹುದಾದ ಅಕ್ಷರಮಾಲೆ, ಚೀಟಿ ಎತ್ತಿ ಓದುವ ಆಟ ಇವುಗಳ ಮೂಲಕ ನಾಲ್ಕೈದು ವರ್ಷದ ಮಕ್ಕಳೂ ಓದುಬರಹ ಕಲಿಯಬಲ್ಲರೆಂಬುದನ್ನು ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ತೋರಿಸಿಕೊಟ್ಟದ್ದು ಅವರ ಖ್ಯಾತಿಗೆ ಮುಖ್ಯ ಕಾರಣ. ಎರಡನೆಯ ಮಹಾಯುದ್ಧದ ವರ್ಷಗಳನ್ನು ಅವರು ಭಾರತದಲ್ಲಿ ಕಳೆದರು.

ಜನನ ಮತ್ತು ವಿದ್ಯಾಭ್ಯಾಸ

ಮಾಂಟೆಸ್ಸೊರಿಯವರು ಆಂಕೋನಾ ಪ್ರಾಂತ್ಯದ ಕಿಯಾರವಾಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂದ್ರೊ ಹಣಕಾಸು ಇಲಾಖೆಯ ಅಧಿಕಾರಿ, ತಾಯಿ ರೆನಿಲ್ಡೆ. ಕುಟುಂಬವು ರೋಮ್‌ಗೆ ಬಂದು ನೆಲೆಸಿದ ಬಳಿಕ ಮರಿಯಾ ತಾಂತ್ರಿಕ ಶಾಲೆಯಲ್ಲಿ ಓದಿ, ಅನಂತರ ವೈದ್ಯಕೀಯ ವ್ಯಾಸಂಗವನ್ನು ಆರಿಸಿಕೊಂಡರು. ಪುರುಷ ಸಹಪಾಠಿಗಳೊಡನೆ ಶವಚ್ಛೇದನ ಮಾಡುವುದು ಹೆಣ್ಣಿಗೆ ತಕ್ಕುದಲ್ಲವೆಂದು ಭಾವಿಸಲಾಗಿದ್ದುದರಿಂದ ಅವರು ತರಗತಿಯ ಅವಧಿ ಮುಗಿದ ಮೇಲೆ ಒಬ್ಬರೇ ಕುಳಿತು ಆ ಅಭ್ಯಾಸವನ್ನು ಮಾಡಬೇಕಾಗಿತ್ತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಇಟಲಿಯ ಮೊದಲ ಕೆಲವು ಮಹಿಳಾ ವೈದ್ಯರಲ್ಲಿ ಒಬ್ಬರಾದರು.

ಬುದ್ಧಿಮಾಂದ್ಯ ಮಕ್ಕಳ ನಡುವೆ

ಮನೋರೋಗ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದಾಗ, ಬುದ್ಧಿಮಾಂದ್ಯರೆಂದು ಪರಿಗಣಿಸಿ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿದ್ದ ಮಕ್ಕಳ ಸ್ಥಿತಿ ಅವರ ಗಮನಕ್ಕೆ ಬಂದಿತು. ಫ್ರಾನ್ಸಿನ ವೈದ್ಯರಾದ ಇತಾರ್ ಮತ್ತು ಸೆಗ್ವಿನ್ ಅವರ ಗ್ರಂಥಗಳನ್ನು ಅವರು ಶ್ರದ್ಧೆಯಿಂದ ಅಧ್ಯಯನ ಮಾಡಿದರು. ಇಂತಹ ಮಕ್ಕಳಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಇಂದ್ರಿಯಗಳ ಮೂಲಕ ದೊರೆಯುವ ಶಿಕ್ಷಣ ಎಂಬ ನಿಲುವಿಗೆ ಬಂದರು. 1900ರಲ್ಲಿ ಇಂತಹ ಮಕ್ಕಳ ಶಿಕ್ಷಕರನ್ನು ತಯಾರು ಮಾಡುವ ಶಾಲೆ ರೋಮ್‌ನಲ್ಲಿ ಆರಂಭವಾದಾಗ ಅದರ ನಿರ್ದೇಶಕರಲ್ಲಿ ಒಬ್ಬರಾದರು. ಅಲ್ಲಿ ಸ್ವರಗಳಿಗೊಂದು, ವ್ಯಂಜನಗಳಿಗೊಂದು ಬಣ್ಣ ಬಳಿದ ಮರದ ಅಕ್ಷರಗಳನ್ನು ಮಾಡಿಸಿ ಮಕ್ಕಳ ಕೈಗೆ ಕೊಟ್ಟರು. ಆ ಮಕ್ಕಳಲ್ಲಿ ಕೆಲವರು ಸಾರ್ವಜನಿಕ ಶಾಲೆಯ ಮಕ್ಕಳೊಡನೆ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಜನರು ಇದನ್ನು ಪವಾಡವೆಂದು ಕೊಂಡಾಡಿದರೆ, ಮಾಂಟೆಸ್ಸೊರಿಯವರನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಆರೋಗ್ಯವಂತ ಮಕ್ಕಳನ್ನು ಇವರು ಸರಿಗಟ್ಟಬಲ್ಲರಾದರೆ, ಸಾಮಾನ್ಯ ಶಾಲೆಗಳು ಆರೋಗ್ಯವಂತ ಮಕ್ಕಳನ್ನು ಎಷ್ಟು ಹಿಂದೆ ಉಳಿಸಿರಬೇಕು ಎಂದು ಅವರು ಯೋಚಿಸಿದರು.

ಇದೇ ಅವಧಿಯಲ್ಲಿ, 1898ರಲ್ಲಿ, ಅವರಿಗೆ ಮಾರಿಯೊ ಎಂಬ ಮಗನು ಜನಿಸಿದನು. ತಂದೆ ಸಹೋದ್ಯೋಗಿ ಜೂಸೆಪ್ಪೆ ಮಾಂಟೆಸಾನೊ. ಅವರಿಬ್ಬರ ವಿವಾಹ ನಡೆಯಲಿಲ್ಲ. ಮಗು ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಯಿತು. ಪರರ ಮಕ್ಕಳ ಶಿಕ್ಷಣಕ್ಕೆ ಬಾಳನ್ನೇ ಮೀಸಲಿಟ್ಟ ಈ ತಾಯಿಯ ಬಳಿಗೆ ಅವರ ಮಗ ಬಂದು ಸೇರಿದ್ದು ಹದಿಹರೆಯದಲ್ಲಿ. ಆಮೇಲೆಯೂ ಬಹುಕಾಲ ಅವನನ್ನು ಸೋದರಸಂಬಂಧಿಯೆಂದೇ ಪರಿಚಯಿಸಲಾಗುತ್ತಿತ್ತು.

ಮಕ್ಕಳ ಮನೆ

ರೋಮ್‌ನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಕೂಲಿಕಾರರ ಕುಟುಂಬಗಳಿಗಾಗಿ ಕಟ್ಟಡಗಳನ್ನು ದುರಸ್ತಿ ಮಾಡಿಸಿದ ಸಂಸ್ಥೆಯೊಂದಕ್ಕೆ ಹೊಸ ಚಿಂತೆ ಎದುರಾಯಿತು. ತಂದೆತಾಯಿಯರು ದುಡಿಯಲು ಹೋದಾಗ ಶಾಲೆಯ ವಯಸ್ಸಾಗದ ಮಕ್ಕಳು ಗೋಡೆ, ಮೆಟ್ಟಿಲುಗಳನ್ನು ಹಾಳು ಮಾಡುತ್ತಿದ್ದರು. ಅವರನ್ನು ಒಂದೆಡೆ ಸೇರಿಸಿ ನೋಡಿಕೊಳ್ಳುವ ಹೊಣೆ ಮಾಂಟೆಸ್ಸೊರಿಯವರಿಗೆ ಬಂದಿತು. 1907ರ ಜನವರಿ 6ರಂದು ಕಾಸಾ ದೇಯ್ ಬಂಬೀನಿ, ಅಂದರೆ ಮಕ್ಕಳ ಮನೆ, ಆರಂಭವಾಯಿತು.

ಆರು ವರ್ಷ ತುಂಬುವ ಮೊದಲು ಅಕ್ಷರ ಕಲಿಸಬಾರದೆಂಬ ಅಂದಿನ ಸಾಮಾನ್ಯ ನಂಬಿಕೆ ಆರಂಭದಲ್ಲಿ ಮಾಂಟೆಸ್ಸೊರಿಯವರಲ್ಲೂ ಇತ್ತು. ಆದರೆ ಮಕ್ಕಳಿಗೆ ಓದುಬರಹ ಕಲಿಸಿರೆಂದು ಅಕ್ಷರ ಬಾರದ ತಾಯಂದಿರೇ ಬಂದು ಕೇಳಿಕೊಂಡರು. ಮರದ ಅಕ್ಷರಗಳನ್ನು ಮಾಡಿಸುವಷ್ಟು ಹಣವಿರಲಿಲ್ಲ. ಆದ್ದರಿಂದ ಮರಳುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ನಯವಾದ ರಟ್ಟಿನ ಮೇಲೆ ಅಂಟಿಸಿದರು. ಬಡತನದಿಂದ ಹುಟ್ಟಿದ ಈ ಉಪಾಯವೇ ಹೆಚ್ಚು ಪ್ರಯೋಜನಕಾರಿಯಾಯಿತು: ಬೆರಳು ದಾರಿ ತಪ್ಪಿದೊಡನೆ ಒರಟು ಹೋಗಿ ನುಣುಪು ತಾಗುವುದರಿಂದ ಮಗುವಿಗೆ ತನ್ನ ತಪ್ಪು ತಾನೇ ತಿಳಿಯುತ್ತಿತ್ತು. ಅಕ್ಷರವನ್ನು ಸವರುತ್ತ ಅದರ ಧ್ವನಿಯನ್ನು ಉಚ್ಚರಿಸುವುದು ಮೊದಲ ಹಂತ. ಕಾಗದದಲ್ಲಿ ಕತ್ತರಿಸಿದ ಬಿಡಿ ಅಕ್ಷರಗಳನ್ನು ಪೆಟ್ಟಿಗೆಯಿಂದ ಆರಿಸಿ, ಕೇಳಿದ ಪದವನ್ನು ಜೋಡಿಸುವುದು ಎರಡನೆಯದು.

ಆ ವರ್ಷದ ಚಳಿಗಾಲದ ಒಂದು ಬಿಸಿಲಿನ ದಿನ ಮಕ್ಕಳು ಮಾಳಿಗೆಯ ಮೇಲೆ ಆಡುತ್ತಿದ್ದರು. ಹೊಗೆಗೂಡಿನ ಚಿತ್ರ ಬರೆಯೆಂದು ಐದು ವರ್ಷದ ಹುಡುಗನೊಬ್ಬನ ಕೈಗೆ ಮಾಂಟೆಸ್ಸೊರಿಯವರು ಸೀಮೆಸುಣ್ಣ ಕೊಟ್ಟರು. ಚಿತ್ರ ಮುಗಿದ ಮೇಲೆ, ಬರೆಯೆಂದು ಯಾರೂ ಹೇಳದಿದ್ದರೂ, ಅವನು ನೆಲದ ಮೇಲೆ ಕೈ ಎಂಬರ್ಥದ ಇಟಾಲಿಯನ್ ಪದವನ್ನು ಬರೆದು, ತನಗೆ ಬರೆಯಲು ಬರುತ್ತದೆಂದು ಕೂಗಿದನು. ಮುಂದೆ ಹೊಗೆಗೂಡು, ಮಾಡು ಎಂಬ ಪದಗಳನ್ನೂ ಬರೆದನು. ಉಳಿದ ಮಕ್ಕಳೂ ಸೀಮೆಸುಣ್ಣಕ್ಕಾಗಿ ಮುಗಿಬಿದ್ದರು. ಮುಂದಿನ ದಿನಗಳಲ್ಲಿ ಬಾಗಿಲು, ಗೋಡೆಗಳಷ್ಟೇ ಅಲ್ಲ, ಮನೆಯ ರೊಟ್ಟಿಯ ಮೇಲೂ ಅಕ್ಷರಗಳು ಮೂಡಿದವು. ಮಾಂಟೆಸ್ಸೊರಿ ಇದನ್ನು ಬರವಣಿಗೆಯ ಸ್ಫೋಟವೆಂದು ಕರೆದರು. ಈ ಘಟನೆಗಳ ಬಗೆಗಿನ ಮುಖ್ಯ ಆಧಾರ ಅವರದೇ ಬರಹ ಎಂಬುದನ್ನು ಇಲ್ಲಿ ಗಮನಿಸಬೇಕು.

ಓದುವ ಆಟ

ಬರೆಯಬಲ್ಲ ಮಕ್ಕಳು ಓದಬಲ್ಲವರಾಗಿರಲಿಲ್ಲ. ಬರೆಯುವವನಿಗೆ ಪದ ಮೊದಲೇ ಗೊತ್ತಿರುತ್ತದೆ. ಓದುವವನು ಅದನ್ನು ಅಕ್ಷರಗಳಿಂದ ಕಂಡುಕೊಳ್ಳಬೇಕು. ಈ ಅಂತರವನ್ನು ದಾಟಿಸಲು ಮಾಂಟೆಸ್ಸೊರಿ ಆಟವೊಂದನ್ನು ಹೂಡಿದರು. ಮೊದಲು ಪರಿಚಿತ ವಸ್ತುಗಳ ಹೆಸರು ಬರೆದ ಚೀಟಿಗಳನ್ನು ಕೊಡುತ್ತಿದ್ದರು. ಮಗು ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸಿ, ಮತ್ತೆ ಬೇಗ, ಇನ್ನೂ ಬೇಗ ಹೇಳುತ್ತ ಹೋದಂತೆ ಒಮ್ಮೆಲೇ ಪದದ ಅರ್ಥ ಹೊಳೆಯುತ್ತಿತ್ತು. ಆಗ ಚೀಟಿಯನ್ನು ಆ ವಸ್ತುವಿನ ಪಕ್ಕದಲ್ಲಿ ಇಡಬೇಕು.

ಅನಂತರ ಮೇಜಿನ ಮೇಲೆ ಆಟಿಕೆಗಳನ್ನು ಹರಡಿ, ಅವುಗಳ ಹೆಸರಿನ ಚೀಟಿಗಳನ್ನು ಮಡಿಸಿ ಇಟ್ಟರು. ಓದಬಲ್ಲ ಮಗು ಒಂದು ಚೀಟಿಯನ್ನೆತ್ತಿ, ಯಾರಿಗೂ ತೋರಿಸದೆ ಮನಸ್ಸಿನಲ್ಲೇ ಓದಿಕೊಂಡು, ಮೇಜಿನ ಬಳಿ ಬಂದು ಆಟಿಕೆಯ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು. ಸರಿಯಾದರೆ ಬೇಕಾದಷ್ಟು ಹೊತ್ತು ಆ ಆಟಿಕೆಯೊಡನೆ ಆಡಬಹುದು. ಗೊಂಬೆ, ಗಾಡಿಗಳ ಆಸೆಯಿಂದ ಮಕ್ಕಳು ಓದಿಯಾರು ಎಂಬುದು ಲೆಕ್ಕಾಚಾರ. ನಡೆದದ್ದು ಅದಲ್ಲ. ಚೀಟಿ ಓದಿದ ಮಕ್ಕಳು ಆಟಿಕೆಯನ್ನು ಮುಟ್ಟದೆ ಮತ್ತೊಂದು ಚೀಟಿಗಾಗಿ ಕೈಚಾಚಿದರು; ಚೀಟಿಗಳು ಮುಗಿಯುವವರೆಗೂ ಅವರಿಗೆ ತೃಪ್ತಿಯಾಗಲಿಲ್ಲ. ಮಾಂಟೆಸ್ಸೊರಿ ಬೆರಗಾದರು. ಬಹುಮಾನವೆಂದು ಇಟ್ಟದ್ದು ಬೇಡವಾಗಿ, ಓದೇ ಆಟವಾಗಿತ್ತು.

ಮುಂದಿನ ಚೀಟಿಗಳಲ್ಲಿ ಪದಗಳ ಬದಲು ಆಜ್ಞೆಗಳಿದ್ದವು. ಮಗು ಮೌನವಾಗಿ ಓದಿ, ಬಾಗಿಲು ತೆರೆಯುವಂತಹ ಕೆಲಸವನ್ನು ಮಾಡಿ ತೋರಿಸುತ್ತಿತ್ತು. ಗಟ್ಟಿಯಾಗಿ ಓದಿಸಿದರೆ ಗಮನವೆಲ್ಲ ಉಚ್ಚಾರಣೆಗೆ ಹೋಗುತ್ತದೆ; ಅರ್ಥವಾಯಿತೇ ಎಂಬುದು ತಿಳಿಯುವುದು ಮಾಡಿದ ಕೆಲಸದಿಂದ ಎಂಬುದು ಇದರ ಹಿಂದಿನ ತರ್ಕ.

ಖ್ಯಾತಿ ಮತ್ತು ಟೀಕೆ

1909ರಲ್ಲಿ ಪ್ರಕಟವಾದ ಅವರ ಗ್ರಂಥವು 1912ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡಿತು. 1915ರ ಸಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ಏರ್ಪಡಿಸಲಾಗಿತ್ತು. ಆದರೆ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1914ರಲ್ಲೇ ಈ ಪದ್ಧತಿಯನ್ನು ಕಟುವಾಗಿ ವಿಮರ್ಶಿಸಿ, ಕಲ್ಪನಾತ್ಮಕ ಆಟಕ್ಕೆ ಇದರಲ್ಲಿ ಎಡೆ ಕಡಿಮೆ ಎಂದಿದ್ದರು. ಈ ಆಕ್ಷೇಪ ನಿರಾಧಾರವಲ್ಲ. ಮಕ್ಕಳ ಚಟುವಟಿಕೆಯನ್ನು ಮಾಂಟೆಸ್ಸೊರಿ ಆಟವೆನ್ನುವುದಕ್ಕಿಂತ ಕೆಲಸವೆನ್ನಲು ಇಚ್ಛಿಸುತ್ತಿದ್ದರು. ಅದ್ಭುತ ಕಥೆಗಳನ್ನು ಎಳೆಯರಿಗೆ ಹೇಳುವುದರಲ್ಲಿ ಅವರಿಗೆ ಒಲವಿರಲಿಲ್ಲ. ಇಟಲಿಯಲ್ಲಿ ಮುಸೊಲಿನಿಯ ಸರ್ಕಾರ ಅವರ ಶಾಲೆಗಳಿಗೆ ಮೊದಲು ಬೆಂಬಲ ನೀಡಿತು. 1930ರ ದಶಕದಲ್ಲಿ ಸಂಬಂಧ ಮುರಿದು ಅವರು ಸ್ವದೇಶವನ್ನು ತೊರೆದರು.

ಭಾರತದಲ್ಲಿ

ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಮಾಂಟೆಸ್ಸೊರಿ ವಿಚಾರಗಳಿಂದ ಪ್ರೇರಿತರಾಗಿ 1920ರಲ್ಲೇ ಬಾಲಮಂದಿರವನ್ನು ಸ್ಥಾಪಿಸಿದ್ದರು. ಅವರು ಕಥೆ, ಹಾಡು, ನಾಟಕಗಳಿಗೂ ಹೇರಳ ಸ್ಥಾನ ಕೊಟ್ಟರು. ಮಾಂಟೆಸ್ಸೊರಿ ಸ್ವತಃ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಆರಂಭಿಸಿದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಬಂಧನದಲ್ಲಿರಿಸಿ, ಅವರ ಸಂಚಾರವನ್ನೂ ನಿರ್ಬಂಧಿಸಿತು. ಅವರ ಎಪ್ಪತ್ತನೆಯ ಹುಟ್ಟುಹಬ್ಬದಂದು ಮಾರಿಯೊನ ಬಿಡುಗಡೆಯಾಯಿತು. ಆ ಆದೇಶದಲ್ಲಿ ಅವನನ್ನು ಅವರ ಮಗನೆಂದೇ ಹೆಸರಿಸಲಾಗಿತ್ತು. ಮುಂದೆ ಕೊಡೈಕೆನಾಲ್‌ನಲ್ಲಿಯೂ ಅವರು ಕೆಲಸ ಮಾಡಿದರು.

ಇಟಾಲಿಯನ್ ಭಾಷೆಯಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ಸಾಧ್ಯವಾದುದು ಅವರ ಪದ್ಧತಿಗೆ ಅನುಕೂಲವಾಗಿತ್ತು. ಕನ್ನಡಕ್ಕೂ ಆ ಅನುಕೂಲವಿದೆ. ಆದರೆ ಕಾಗುಣಿತ ಮತ್ತು ಒತ್ತಕ್ಷರಗಳಿರುವುದರಿಂದ ಬಿಡಿ ಅಕ್ಷರಗಳ ಒಂದು ಪೆಟ್ಟಿಗೆ ಸಾಲದು, ಸ್ವರಚಿಹ್ನೆಗಳನ್ನೂ ಒತ್ತುಗಳನ್ನೂ ಬೇರೆಯಾಗಿ ಒದಗಿಸಬೇಕಾಗುತ್ತದೆ.

ನಿಧನ

ಯುದ್ಧಾನಂತರ ಯೂರೋಪಿಗೆ ಮರಳಿದ ಮಾಂಟೆಸ್ಸೊರಿ ಮತ್ತೊಮ್ಮೆ ಭಾರತಕ್ಕೆ ಬಂದು ಹೋದರು. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ನೂರ್ಡ್‌ವೈಕ್ ಎಂಬ ಕಡಲತಡಿಯ ಊರಿನಲ್ಲಿ ನಿಧನರಾದರು. ಸಮಾಧಿಯೂ ಅಲ್ಲಿಯೇ ಇದೆ. 1990ರಲ್ಲಿ ಇಟಲಿ ಹೊರತಂದ 1000 ಲೀರಾ ನೋಟಿನ ಒಂದು ಬದಿಯಲ್ಲಿ ಅವರ ಭಾವಚಿತ್ರವೂ, ಇನ್ನೊಂದು ಬದಿಯಲ್ಲಿ ಪಾಠದಲ್ಲಿ ತೊಡಗಿದ ಇಬ್ಬರು ಮಕ್ಕಳ ಚಿತ್ರವೂ ಇದ್ದವು. ಯೂರೋ ಬರುವವರೆಗೆ ಅದು ಚಲಾವಣೆಯಲ್ಲಿತ್ತು.