ದಿವಂಗತ ಬಿ. ಜಿ. ಎಲ್. ಸ್ವಾಮಿಯವರು ಮತ್ತು ಅಧ್ಯಾಪಕರ ಆಯ್ಕೆ

ವಿಶ್ವವಿದ್ಯಾನಿಲಯಕ್ಕೆ ಜೀವಶಾಸ್ತ್ರದ ಕಿರಿಯ ಅಧ್ಯಾಪಕರನ್ನು ಆರಿಸಿಕೊಳ್ಳುವಾಗ ನೋಡಬೇಕಾದುದೇನು? ಪದವಿಪತ್ರವನ್ನೆ, ಅಂಕಗಳನ್ನೆ, ಇಲ್ಲವೆ ಅಭ್ಯರ್ಥಿ ಕೈಯಾರೆ ಮಾಡಿರುವ ಕೆಲಸವನ್ನೆ? ಇದಕ್ಕೆ ಉತ್ತರವನ್ನು ಒಬ್ಬ ಮಹನೀಯರ ಜೀವನದಲ್ಲಿ ಹುಡುಕುವುದು ಲೇಸೆಂದು ನನಗೆ ತೋರಿದೆ. ಅವರೇ ಸಸ್ಯಶಾಸ್ತ್ರಜ್ಞರೂ ಸಾಹಿತಿಗಳೂ ಆಗಿದ್ದ ಡಾ. ಬಿ. ಜಿ. ಎಲ್. ಸ್ವಾಮಿಯವರು.

ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರವರಿ 5ರಂದು, ಬೆಂಗಳೂರಿನಲ್ಲಿ. ಆದರೆ ಅವರ ತಂದೆ ಡಿ. ವಿ. ಗುಂಡಪ್ಪನವರು ನಮ್ಮ ಮುಳಬಾಗಿಲಿನವರು. ಡಿ. ವಿ. ಜಿ.ಯವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಾಗದೆ ಹೋದವರು. ಅಂಥವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಪದವಿಯೇ ವಿದ್ಯೆಯ ಅಳತೆಗೋಲಲ್ಲವೆಂಬುದಕ್ಕೆ ಸ್ವಾಮಿಯವರ ಮನೆಯಲ್ಲೇ ಸಾಕ್ಷಿಯಿತ್ತು.

ಮಗನು ಮಾತ್ರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಕ್ರಮವಾಗಿ ಕಲಿತು ಆನರ್ಸ್ ಪದವೀಧರರಾದರು. ಬಳಿಕ ಮನೆಯಲ್ಲೇ ಸಣ್ಣದೊಂದು ಪ್ರಯೋಗಶಾಲೆಯನ್ನು ಹೂಡಿಕೊಂಡು ಸಂಶೋಧನೆಗೆ ತೊಡಗಿದರು. ಅವರು ಆರಿಸಿಕೊಂಡ ವಿಷಯ ಆರ್ಕಿಡ್ ಗಿಡಗಳ ಭ್ರೂಣ ಬೆಳೆಯುವ ಬಗೆ. ಈ ಕೆಲಸದಲ್ಲಿ ಬೇರೆ ಬೇರೆ ವಯಸ್ಸಿನ ಮೊಗ್ಗುಗಳನ್ನೂ ಹೂಗಳನ್ನೂ ಕಾಯಿಗಳನ್ನೂ ತಂದು, ಕೆಡದಂತೆ ದ್ರಾವಣದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಕತ್ತರಿಸಿ, ಬಣ್ಣ ಹಾಯಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೂ ನೋಡಬೇಕು. ಕೈ ನಡುಗಿದರೆ ದಿನಗಟ್ಟಲೆಯ ದುಡಿಮೆ ವ್ಯರ್ಥ. 1942ರ ಹೊತ್ತಿಗೆ ಅವರ ಲೇಖನಗಳು ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಅವರಿಗೆ ದೊರೆಯಿತು.

ಆ ಬಳಿಕ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಮರದ ಒಳರಚನೆಯ ಅಧ್ಯಯನದಲ್ಲಿ ಜಗತ್ಪ್ರಸಿದ್ಧರಾಗಿದ್ದ ಇರ್ವಿಂಗ್ ಬೈಲಿಯವರು ಈ ತರುಣನನ್ನು ಬರಿಯ ಶಿಷ್ಯನಾಗಿ ಕಾಣದೆ ಜೊತೆಗಾರನನ್ನಾಗಿ ಸ್ವೀಕರಿಸಿದರು. ಹೂವಿನ ಅಂಡಕೋಶದ ಮೂಲರೂಪವನ್ನು ಕುರಿತು ಇಬ್ಬರೂ ಸೇರಿ 1951ರಲ್ಲಿ ಪ್ರಕಟಿಸಿದ ಲೇಖನ ಸಸ್ಯಶಾಸ್ತ್ರದಲ್ಲಿ ಹೆಸರಾದುದು. ಸ್ವಾಮಿಯವರು ಆ ಋಣವನ್ನು ಮರೆಯಲಿಲ್ಲ. ದಕ್ಷಿಣ ಭಾರತದ ಒಂದು ಗಿಡವನ್ನು ಹೊಸ ಜಾತಿಯೆಂದು ವರ್ಣಿಸಿದಾಗ ಅದಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಗುರುಗಳ ಹೆಸರನ್ನೇ ಇಟ್ಟರು. ಹಿರಿಯರು ಕಿರಿಯನೊಬ್ಬನನ್ನು ಸರಿಯಾಗಿ ಗುರುತಿಸಿದರೆ ಫಲ ಎಲ್ಲಿಯವರೆಗೆ ಮುಟ್ಟುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

1953ರಲ್ಲಿ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ಅದು ನಮ್ಮದರಂತೆ ಸರ್ಕಾರಿ ಕಾಲೇಜು. ವಿದ್ಯಾರ್ಥಿಗಳನ್ನು ಕಾಡುಮೇಡುಗಳಿಗೆ ಕರೆದೊಯ್ದು ಗಿಡವನ್ನು ಗಿಡದ ಬಳಿಯಲ್ಲೇ ಕಲಿಸಿದ ಅನುಭವವೇ ‘ಹಸುರು ಹೊನ್ನು’ ಆಯಿತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಾಲೇಜುಗಳ ಒಳಗಿನ ಹುಳುಕನ್ನು ಅವರು ‘ಕಾಲೇಜು ರಂಗ’ದಲ್ಲಿ ನಗುನಗುತ್ತಲೇ ಬಯಲಿಗಿಟ್ಟರು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಅವರ ಪರಿಚಯವಾದದ್ದು ಈ ಪುಸ್ತಕಗಳಿಂದಲೇ.

ಇನ್ನು ನಮ್ಮ ಕಾಲದ ಮಾತು. 2017ರಲ್ಲಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಮಾಲೂರು, ಶ್ರೀನಿವಾಸಪುರಗಳ ಹಳ್ಳಿಯ ಮಕ್ಕಳಿಗೂ ಉನ್ನತ ವಿದ್ಯೆ ಹತ್ತಿರವಾಗಿದೆ. ಕಲಿತ ಮೇಲೇನು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದು, 2022ರಲ್ಲಿ ಸ್ಪರ್ಧಾ ಪರೀಕ್ಷೆ ನಡೆಸಿದರು. ಅಂಥ ಅವಕಾಶ ವರ್ಷವರ್ಷವೂ ಬರುವುದಲ್ಲ. ನನ್ನ ಅಕ್ಕ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತ, ರಾತ್ರಿ ಪರೀಕ್ಷೆಗೆ ಓದುತ್ತಾಳೆ. ಸೂಕ್ಷ್ಮದರ್ಶಕವನ್ನು ಮುಟ್ಟಲು ಅವಳಿಗೆ ಬಿಡುವಿಲ್ಲ.

ಲಿಖಿತ ಪರೀಕ್ಷೆ ಬೇಡವೆಂದು ನಾನು ಹೇಳಲಾರೆ; ಶಿಫಾರಸಿಲ್ಲದ ಬಡವರ ಮಕ್ಕಳಿಗೆ ಅದೇ ಆಸರೆ. ಆದರೆ ಗಿಡವನ್ನು ಗುರುತಿಸುವ ಕಣ್ಣು, ತೆಳುಛೇದ ತೆಗೆಯುವ ಕೈ, ತರಗತಿಯನ್ನು ಹಿಡಿದಿಡುವ ಮಾತು ಉತ್ತರಪತ್ರಿಕೆಯಲ್ಲಿ ಕಾಣಿಸವು. ಪರೀಕ್ಷೆಯ ಜೊತೆಗೆ ಅಭ್ಯರ್ಥಿಯಿಂದ ಒಂದು ಪಾಠವನ್ನೂ ಒಂದು ಪ್ರಯೋಗವನ್ನೂ ಮಾಡಿಸಿ, ಅದಕ್ಕೂ ಗೊತ್ತಾದ ಅಂಕವಿಟ್ಟರೆ ಆಯ್ಕೆ ಪೂರ್ಣವಾದೀತು.

ಕೆಲಸ ಸಿಗುವವರೆಗೆ ಸ್ವಾಮಿಯವರಂತೆ ಮನೆಯಲ್ಲೇ ಸಂಶೋಧನೆ ಮಾಡಿರೆಂದು ಉಪದೇಶಿಸುವುದು ಸುಲಭ. ಅವರಿಗೆ ಡಿ. ವಿ. ಜಿ.ಯವರ ಮನೆಯಿತ್ತು, ಎಲ್ಲರಿಗೂ ಅದಿರದು. ಆದುದರಿಂದ ಕಾಯುತ್ತಿರುವ ಪದವೀಧರರಿಗೆ ಕಾಲೇಜಿನ ಪ್ರಯೋಗಶಾಲೆಯ ಬಾಗಿಲನ್ನು ರಜೆಯ ದಿನಗಳಲ್ಲಾದರೂ ತೆರೆದಿಡಬೇಕೆಂದು ನಮ್ಮ ಅಧ್ಯಾಪಕ ವರ್ಗದಲ್ಲಿ ನನ್ನ ವಿನಂತಿ. ಶ್ರೀನಿವಾಸಪುರದ ಮಾವು, ಕೋಲಾರದ ಹಿಪ್ಪುನೇರಳೆ, ಬಯಲಿನ ಕಳೆಗಿಡ, ಎಲ್ಲವೂ ಅಧ್ಯಯನಕ್ಕೆ ಯೋಗ್ಯವೇ.

1980ರ ನವೆಂಬರ್ 2ರಂದು, ತಮ್ಮ 62ನೆಯ ವಯಸ್ಸಿನಲ್ಲಿ ಸ್ವಾಮಿಯವರು ನಿಧನರಾದರು. ಅವರ ಯೋಗ್ಯತೆ ಹುದ್ದೆಯಿಂದ ಬಂದುದಲ್ಲ. ಹುದ್ದೆಗೇ ಅವರಿಂದ ಬೆಲೆ ಬಂದಿತು. ಅಂಥವರು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈಗಲೂ ಇದ್ದಾರು. ಅವರನ್ನು ಗುರುತಿಸುವ ಹೊಣೆ ಆರಿಸುವವರದು.